ಹಳೆಯ ಫುಲ್‌ಫ್ರೇಮ್ ಕ್ಯಾಮೆರಾ ಈಗಲೂ ಕೊಳ್ಳಬಹುದೇ? ಆದವಾನಿ ಸೀಮೆಯ ಸದಸ್ಯರಿಗೊಂದು ಮಾಹಿತಿ



ಆದವಾನಿ, ಆಲೂರು, ಎಮ್ಮಿಗನೂರು, ಹೊಳಗುಂದ, ಕೌತಾಳಂ ಕಡೆಯ ನಮ್ಮ ಹುಡುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ. "ಬಳ್ಳಾರಿಯಲ್ಲೋ ಬೆಂಗಳೂರಲ್ಲೋ ಒಬ್ಬರು ಹಳೆಯ ಫುಲ್‌ಫ್ರೇಮ್ ಕ್ಯಾಮೆರಾ ಮಾರುತ್ತಿದ್ದಾರೆ, ಕಡಿಮೆಗೆ ಸಿಗುತ್ತಿದೆ, ತಗೊಳ್ಳಲೇ?" ದೊಡ್ಡ ಊರಿನ ಸ್ಟುಡಿಯೋದವರು ಮಿರರ್‌ಲೆಸ್ ಕ್ಯಾಮೆರಾಗಳಿಗೆ ಬದಲಾಯಿಸಿಕೊಳ್ಳುತ್ತಿರುವುದರಿಂದ, ಒಂದು ಕಾಲಕ್ಕೆ ನಾವು ಅಂಗಡಿಯ ಗಾಜಿನಾಚೆಯಿಂದ ನೋಡಿ ಬರುತ್ತಿದ್ದ ಕ್ಯಾಮೆರಾಗಳು ಈಗ ಕೈಗೆಟಕುವ ಬೆಲೆಗೆ ಬಂದಿವೆ. ಹತ್ತಿ ಮಾರಿದ ದುಡ್ಡಿನಲ್ಲೋ, ಕೈಸಾಲದಲ್ಲೋ ಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ತಪ್ಪು ಕ್ಯಾಮೆರಾ ಕೊಂಡರೆ ಒಂದು ಮದುವೆ ಸೀಸನ್ನಿನ ದುಡಿಮೆ ಹೋಗುತ್ತದೆ. ಆದ್ದರಿಂದ ಗೊತ್ತಿರುವಷ್ಟನ್ನು ಒಂದೆಡೆ ಬರೆದಿಡುತ್ತಿದ್ದೇವೆ.

ಫುಲ್‌ಫ್ರೇಮ್ ಎಂದರೇನು?

ಕ್ಯಾಮೆರಾದ ಒಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಹಳೆಯ ಫಿಲಂ ರೀಲಿನ ಒಂದು ಚಿತ್ರದಷ್ಟು, ಅಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇದ್ದರೆ ಅದು ಫುಲ್‌ಫ್ರೇಮ್. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಸಾಮಾನ್ಯ ಡಿಎಸ್ಎಲ್ಆರ್‌ಗಳಲ್ಲಿ ಇರುವುದು ಚಿಕ್ಕ ಸೆನ್ಸರ್. ನಿಕಾನ್‌ನಲ್ಲಿ ಅದು ಸುಮಾರು 23.5 × 15.6 ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು 22.3 × 14.9 ಮಿ.ಮೀ. ಇದನ್ನು ಕ್ರಾಪ್ ಸೆನ್ಸರ್ ಎನ್ನುತ್ತಾರೆ. ವಿಸ್ತೀರ್ಣದಲ್ಲಿ ಫುಲ್‌ಫ್ರೇಮ್ ಅದರ ಸುಮಾರು ಎರಡೂವರೆ ಪಟ್ಟು ದೊಡ್ಡದು. ಮಳೆ ಒಂದೇ ಇದ್ದರೂ ದೊಡ್ಡ ಬಾನಿಯಲ್ಲಿ ಹೆಚ್ಚು ನೀರು ನಿಲ್ಲುವ ಹಾಗೆ, ದೊಡ್ಡ ಸೆನ್ಸರ್ ಹೆಚ್ಚು ಬೆಳಕು ಹಿಡಿಯುತ್ತದೆ. ಕತ್ತಲಲ್ಲಿ ಫೋಟೋ ಕಡಿಮೆ ಕಾಳುಕಾಳಾಗುತ್ತದೆ. 24 ಮಿ.ಮೀ. ಲೆನ್ಸ್ ಹಾಕಿದರೆ ಚಿಕ್ಕ ಮನೆಯ ದೇವರ ಕೋಣೆಯೂ ಪೂರ್ತಿ ಬರುತ್ತದೆ. ಮುಖದ ಹಿಂದಿನ ಗದ್ದಲ ಮೃದುವಾಗಿ ಮಸುಕಾಗುತ್ತದೆ. ಲಾಭ ಇಷ್ಟೇ. ಉಳಿದದ್ದೆಲ್ಲ ತೆಗೆಯುವವರ ಕೈಚಳಕ.

ಮೊದಲು ಲೆನ್ಸ್, ಆಮೇಲೆ ಕ್ಯಾಮೆರಾ

ಹಲವರು ಎಡವುವುದು ಇಲ್ಲಿಯೇ. ಫುಲ್‌ಫ್ರೇಮ್ ಕೊಂಡು ಅದಕ್ಕೆ ಎಫ್ 4ರ ಜೂಮ್ ಲೆನ್ಸ್ ಹಾಕುತ್ತಾರೆ. ಎಫ್ 1.8 ಲೆನ್ಸ್ ಎಫ್ 4ರ ಲೆನ್ಸಿಗಿಂತ ಸುಮಾರು ಐದು ಪಟ್ಟು ಬೆಳಕು ಒಳಬಿಡುತ್ತದೆ. ಸೆನ್ಸರ್ ದೊಡ್ಡದಾಗಿದ್ದರಿಂದ ಸಿಗುವ ಲಾಭ ಎರಡೂವರೆ ಪಟ್ಟು ಮಾತ್ರ. ಹಾಗಾಗಿ ನಿಮ್ಮ ಈಗಿನ ಚಿಕ್ಕ ಸೆನ್ಸರ್ ಕ್ಯಾಮೆರಾಕ್ಕೆ 35 ಅಥವಾ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ, ಎಫ್ 4 ಜೂಮ್ ಹಾಕಿದ ಫುಲ್‌ಫ್ರೇಮಿಗಿಂತ ಕತ್ತಲಲ್ಲಿ ಅದೇ ಮುಂದಿರುತ್ತದೆ. ಫುಲ್‌ಫ್ರೇಮಿನ ನಿಜವಾದ ಬಲ ಕಾಣಬೇಕಾದರೆ ಅದಕ್ಕೂ ಅಂಥದ್ದೇ ಲೆನ್ಸ್ ಬೇಕು.

ಇನ್ನೊಂದು ಮಾತು. ಕ್ಯಾನನ್‌ನ ಇಎಫ್-ಎಸ್ ಲೆನ್ಸುಗಳು ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಕೂರುವುದೇ ಇಲ್ಲ. ನಿಕಾನ್‌ನ ಡಿಎಕ್ಸ್ ಲೆನ್ಸುಗಳು ಕೂರುತ್ತವೆ, ಆದರೆ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆಗ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್. ಮನೆಯಲ್ಲಿರುವ ಲೆನ್ಸುಗಳಲ್ಲಿ ಯಾವುದು ಹೊಸ ಕ್ಯಾಮೆರಾಕ್ಕೆ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಕ್ಯಾಮೆರಾ ಹಳತಾದರೂ ಒಳ್ಳೆಯ ಲೆನ್ಸಿನ ಹಣ ಉಳಿಯುತ್ತದೆ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಕಂಪನಿಗಳು ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಗಳ ಜೊತೆಗೇ ಹಳೆಯ ಲೆನ್ಸ್ ಕೂರಿಸುವ ಅಡಾಪ್ಟರುಗಳನ್ನೂ ತಂದವು. ನಾಳೆ ಹೊಸ ಕ್ಯಾಮೆರಾ ಕೊಂಡರೂ ಇಂದಿನ ಲೆನ್ಸ್ ಕೆಲಸಕ್ಕೆ ಬರುತ್ತದೆ. ಆದರೆ ನಿಕಾನ್‌ನಲ್ಲಿ ಮೋಟಾರ್ ಒಳಗೇ ಇರುವ ಎಎಫ್-ಎಸ್ ಲೆನ್ಸುಗಳನ್ನೇ ಕೊಳ್ಳಿ. ಹಳೆಯ ಎಎಫ್-ಡಿ ಲೆನ್ಸುಗಳಿಗೆ ನಿಕಾನ್‌ನ ಆ ಅಡಾಪ್ಟರಿನಲ್ಲಿ ಆಟೋ ಫೋಕಸ್ ಆಗುವುದಿಲ್ಲ.

ಯಾವ ಕ್ಯಾಮೆರಾ ಯಾರಿಗೆ?

ಕ್ಯಾನನ್ 5ಡಿ (2005): 12.8 ಮೆಗಾಪಿಕ್ಸೆಲ್. ಸಾಮಾನ್ಯ ಛಾಯಾಗ್ರಾಹಕನ ಕೈಗೆ ಫುಲ್‌ಫ್ರೇಮ್ ತಂದ ಕ್ಯಾಮೆರಾ ಇದು. ಹಗಲಿನಲ್ಲಿ ಮುಖದ ಬಣ್ಣ ಇಂದಿಗೂ ಚಂದ. ವಿಡಿಯೋ ಇಲ್ಲ, ಪರದೆಯಲ್ಲಿ ನೋಡಿ ತೆಗೆಯುವ ಲೈವ್ ವ್ಯೂ ಇಲ್ಲ, ಐಎಸ್ಒ 3200ರ ಆಚೆ ಹೋಗುವುದಿಲ್ಲ. ಒಳಗಿನ ಕನ್ನಡಿ ಕಳಚಿಕೊಳ್ಳುವುದು ಇದರಲ್ಲಿ ಎಲ್ಲರಿಗೂ ಗೊತ್ತಿರುವ ದೋಷ. ಕನ್ನಡಿಯನ್ನು ಗಟ್ಟಿ ಮಾಡಿಸಿದ್ದಾರೆಯೇ ಎಂದು ಕೇಳಿ. ಕಲಿಯುವವರಿಗೆ, ಹವ್ಯಾಸಕ್ಕೆ ಸರಿ, ದುಡಿಮೆಗೆ ಬೇಡ.

ನಿಕಾನ್ ಡಿ700 (2008): 12.1 ಮೆಗಾಪಿಕ್ಸೆಲ್, 51 ಫೋಕಸ್ ಬಿಂದುಗಳು, ಗಟ್ಟಿಮುಟ್ಟಾದ ಮೈ. ಇದರಲ್ಲೂ ವಿಡಿಯೋ ಇಲ್ಲ. ಸಿಎಫ್ ಕಾರ್ಡ್, ಒಂದೇ ಸ್ಲಾಟ್.

ಕ್ಯಾನನ್ 5ಡಿ ಮಾರ್ಕ್ 2 (2008): 21.1 ಮೆಗಾಪಿಕ್ಸೆಲ್, ಫುಲ್ ಎಚ್‌ಡಿ ವಿಡಿಯೋ. ಫೋಟೋ ಗುಣಮಟ್ಟ ಈಗಲೂ ಸಾಲುತ್ತದೆ. ಫೋಕಸ್ ಬಿಂದುಗಳು 9, ಕತ್ತಲಲ್ಲಿ ನಡುವಿನ ಬಿಂದುವನ್ನಷ್ಟೇ ನಂಬಬೇಕು. ಒಂದೇ ಸಿಎಫ್ ಸ್ಲಾಟ್.

ಕ್ಯಾನನ್ 6ಡಿ (2012): 20.2 ಮೆಗಾಪಿಕ್ಸೆಲ್, ಎಸ್‌ಡಿ ಕಾರ್ಡ್, ವೈಫೈ. ಬಿಂದುಗಳು 11 ಮಾತ್ರವಾದರೂ ನಡುವಿನದು ದೀಪದ ಬೆಳಕಿನಲ್ಲೂ ಹಿಡಿಯುತ್ತದೆ. ಒಂದೇ ಸ್ಲಾಟ್ ಇರುವುದೇ ಕೊರತೆ. ಮನೆ ಬಳಕೆಗೆ, ಊರ ಜಾತ್ರೆಗೆ ಒಳ್ಳೆಯ ಆಯ್ಕೆ.

ಕ್ಯಾನನ್ 5ಡಿ ಮಾರ್ಕ್ 3 (2012): 22.3 ಮೆಗಾಪಿಕ್ಸೆಲ್, 61 ಫೋಕಸ್ ಬಿಂದುಗಳು, ಸಿಎಫ್ ಮತ್ತು ಎಸ್‌ಡಿ ಎರಡು ಸ್ಲಾಟ್. ಮದುವೆ ಕೆಲಸಕ್ಕೆಂದೇ ಇದ್ದಂತಿದೆ. ಆ ಕಾರಣಕ್ಕೇ ಮಾರಾಟಕ್ಕೆ ಬರುವ ಹಲವು ಕ್ಯಾಮೆರಾಗಳು ಚೆನ್ನಾಗಿ ದುಡಿದು ದಣಿದಿರುತ್ತವೆ.

ನಿಕಾನ್ ಡಿ600 (2012), ಡಿ610 (2013): ಎರಡೂ 24.3 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಸ್ಲಾಟ್. ಡಿ600ರ ಸೆನ್ಸರಿನ ಮೇಲೆ ಚುಕ್ಕೆಗಳು ಬೀಳುವ ತೊಂದರೆ ಇತ್ತು. ಕಂಪನಿಯೇ 2014ರಲ್ಲಿ ಉಚಿತವಾಗಿ ಪರೀಕ್ಷಿಸಿ ಷಟರ್ ಬದಲಾಯಿಸಿ ಕೊಡುವುದಾಗಿ ಪ್ರಕಟಿಸಿತ್ತು. ಷಟರ್ ಬದಲಾದ ದಾಖಲೆ ಇದ್ದರೆ ಡಿ600, ಇಲ್ಲದಿದ್ದರೆ ಡಿ610.

ನಿಕಾನ್ ಡಿ750 (2014): 24.3 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಸ್ಲಾಟ್, ಮಡಚುವ ಪರದೆ, ಕತ್ತಲಲ್ಲಿ ಚುರುಕು ಫೋಕಸ್. ಹಳೆಯ ಡಿಎಸ್ಎಲ್ಆರ್‌ಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾವು ತೋರಿಸುವುದು ಇದನ್ನು.

ಸೋನಿ ಎ7 (2013), ಎ7 ಮಾರ್ಕ್ 2 (2014), ಎ7 ಮಾರ್ಕ್ 3 (2018): ಮಿರರ್‌ಲೆಸ್ ಕ್ಯಾಮೆರಾಗಳು. ಇವುಗಳ ಲೆನ್ಸ್ ಮೌಂಟ್ ಇಂದಿಗೂ ಚಾಲ್ತಿಯಲ್ಲಿರುವುದು ದೊಡ್ಡ ಅನುಕೂಲ. ಮೊದಲ ಎರಡರ ಬ್ಯಾಟರಿ ಚಿಕ್ಕದು, ದಿನಕ್ಕೆ ಮೂರು ನಾಲ್ಕು ಬೇಕಾಗುತ್ತವೆ. ಮೂರನೆಯದರಲ್ಲಿ ದೊಡ್ಡ ಬ್ಯಾಟರಿ, ಎರಡು ಸ್ಲಾಟ್, 4ಕೆ ವಿಡಿಯೋ ಇವೆ.

12 ಮೆಗಾಪಿಕ್ಸೆಲ್ ಸಾಲುತ್ತದೆಯೇ?

ಸಾಲುತ್ತದೆ. 5ಡಿ ಚಿತ್ರದ ಉದ್ದ 4,368 ಪಿಕ್ಸೆಲ್. 12 × 18 ಅಂಗುಲದ ಪ್ರಿಂಟಿಗೆ ಅಂಗುಲಕ್ಕೆ 240ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ನಮ್ಮಲ್ಲಿ ನಡೆಯುವ 12 × 36ರ ಕರಿಷ್ಮಾ ಆಲ್ಬಮ್ ಹಾಳೆಯ ಮೇಲೆ ಒಂದೇ ಫೋಟೋ ಅಲ್ಲ, ನಾಲ್ಕೈದು ಇರುತ್ತವೆ. ರಸ್ತೆಬದಿಯ ಫ್ಲೆಕ್ಸನ್ನು ದೂರದಿಂದ ನೋಡುತ್ತೇವೆ, ಅದಕ್ಕೆ ಇನ್ನೂ ಕಡಿಮೆ ಸಾಕು. ಚಿಕ್ಕ ಫೈಲುಗಳಾದ್ದರಿಂದ ಹಳೆಯ ಕಂಪ್ಯೂಟರಿನಲ್ಲೂ ಕೆಲಸ ಸಾಗುತ್ತದೆ. ಇವುಗಳ ರಾ ಫೈಲುಗಳನ್ನು ಡಾರ್ಕ್‌ಟೇಬಲ್, ರಾಥೆರಪಿಯಂಥ ಉಚಿತ ತಂತ್ರಾಂಶಗಳಲ್ಲೇ ತೆರೆಯಬಹುದು.

ನಮ್ಮ ಸೀಮೆಯ ಮೂರು ಪರೀಕ್ಷೆಗಳು

ಮೊದಲನೆಯದು ದೇವರಗಟ್ಟು. ಹೊಳಗುಂದ ಮಂಡಲದ ಗುಡ್ಡದ ಮೇಲೆ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ. ಗಡಿಯ ಆಚೆ ಈಚೆಯ ಜನ ಸೇರುತ್ತಾರೆ. ಪಂಜಿನ ಬೆಳಕು, ಎದ್ದ ಧೂಳು, ಬೀಸುವ ಕೋಲು. ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವುದರಿಂದ ನಿಂತ ಗುಡಿಗೆ ಚೆನ್ನ, ಓಡುವ ಮನುಷ್ಯನಿಗಲ್ಲ. ಎಫ್ 1.8, ಐಎಸ್ಒ 3200ರಿಂದ 6400, ಸೆಕೆಂಡಿನ 1/125 ಭಾಗ ಎಂದು ಇಟ್ಟುಕೊಂಡರೆ ಹಳೆಯ 6ಡಿ, ಡಿ750 ಕೂಡ ಮುಖಗಳನ್ನು ಉಳಿಸಿ ಕೊಡುತ್ತವೆ. ಫುಲ್‌ಫ್ರೇಮ್ ತನ್ನ ಬೆಲೆ ತೀರಿಸುವ ಜಾಗ ಇದು. ಆದರೆ ಅಲ್ಲಿ ಪ್ರತಿ ವರ್ಷ ಜನರಿಗೆ ಪೆಟ್ಟಾಗುತ್ತದೆ. ಎತ್ತರದ ಜಾಗ ಹುಡುಕಿ ದೂರದಿಂದಲೇ ತೆಗೆಯಿರಿ. ಫೋಟೋಕ್ಕಿಂತ ತಲೆ ದೊಡ್ಡದು.

ಎರಡನೆಯದು ಮದುವೆ ಮಂಟಪ. ಕಲ್ಯಾಣ ಮಂಟಪಗಳ ಅಗ್ಗದ ಎಲ್ಇಡಿ ದೀಪಗಳು ನಮ್ಮ ಕರೆಂಟಿನ ಲಯಕ್ಕೆ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಫೋಟೋದಲ್ಲಿ ಪಟ್ಟೆ ಬೀಳುತ್ತದೆ, ಬಣ್ಣ ಬದಲಾಗುತ್ತದೆ. ಇದನ್ನು ಸರಿದೂಗಿಸುವ ಸೌಲಭ್ಯ ಈ ಹಳೆಯ ಡಿಎಸ್ಎಲ್ಆರ್‌ಗಳಲ್ಲಿ ಇಲ್ಲ. ಷಟರನ್ನು 1/50 ಅಥವಾ 1/100ಕ್ಕೆ ಇಟ್ಟುಕೊಳ್ಳುವುದೇ ಉಪಾಯ. ಗುಂಪು ಫೋಟೋಕ್ಕೆ ಎಫ್ 5.6 ಇಡಿ, ಎಫ್ 1.8ರಲ್ಲಿ ತೆಗೆದರೆ ಹಿಂದಿನ ಸಾಲಿನ ದೊಡ್ಡಮ್ಮ, ಚಿಕ್ಕಪ್ಪಂದಿರು ಮಸುಕಾಗಿ, ಆಲ್ಬಮ್ ಬಂದ ದಿನ ಮಾತು ಕೇಳಬೇಕಾಗುತ್ತದೆ. ಈಗ ಮದುವೆಯವರು ವಿಡಿಯೋ, ರೀಲ್ಸ್ ಕೇಳುತ್ತಾರೆ. ಆ ವಿಷಯದಲ್ಲಿ ಹಳೆಯ ಡಿಎಸ್ಎಲ್ಆರ್ ಸೋಲುತ್ತದೆ, ವಿಡಿಯೋದಲ್ಲಿ ನಂಬುವಂಥ ಫೋಕಸ್ ಇಲ್ಲ.

ಮೂರನೆಯದು ಶಾಸನ. ಪತ್ತಿಕೊಂಡ ಕಡೆಯ ಜೊನ್ನಗಿರಿ ಬಳಿ ಎರ್ರಗುಡಿಯ ಅಶೋಕನ ಬಂಡೆ ಶಾಸನಗಳಿವೆ. ರಾಜುಲ ಮಂಡಗಿರಿಯಲ್ಲೂ ಇದೆ. ನಮ್ಮ ಊರೂರಿನ ಗುಡಿಗಳ ಮುಂದೆ ವೀರಗಲ್ಲುಗಳು, ಕನ್ನಡ ಶಾಸನಗಳು ನಿಂತಿವೆ. ಇದಕ್ಕೆ ಫುಲ್‌ಫ್ರೇಮ್ ಬೇಕೇ ಇಲ್ಲ. ಕಲ್ಲು ಓಡುವುದಿಲ್ಲ. ಒಂದು ಟ್ರೈಪಾಡ್, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಇದ್ದರೆ ಯಾವ ಕ್ಯಾಮೆರಾದಲ್ಲೂ ಅಕ್ಷರಗಳು ಎದ್ದು ಕಾಣುತ್ತವೆ. ಬಿಸಿಲಿಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಅಕ್ಷರದೊಳಗೆ ಸೀಮೆಸುಣ್ಣ ತುಂಬಬೇಡಿ, ಎಣ್ಣೆ ಹಚ್ಚಬೇಡಿ.

ಷಟರ್ ಲೆಕ್ಕ

ಕ್ಯಾಮೆರಾ ಎಷ್ಟು ವರ್ಷ ಹಳೆಯದು ಎನ್ನುವುದಕ್ಕಿಂತ ಎಷ್ಟು ಬಾರಿ ಕ್ಲಿಕ್ಕಿಸಿದೆ ಎನ್ನುವುದು ಮುಖ್ಯ. 5ಡಿ ಮಾರ್ಕ್ 2, ಮಾರ್ಕ್ 3, ಡಿ700, ಡಿ600, ಡಿ750 ಇವುಗಳ ಷಟರನ್ನು ಕಂಪನಿಗಳು 1,50,000 ಕ್ಲಿಕ್ಕಿಗೆ ಪರೀಕ್ಷಿಸಿವೆ, 6ಡಿಯನ್ನು 1,00,000ಕ್ಕೆ. ಇದು ಗ್ಯಾರಂಟಿಯಲ್ಲ, ಅಂದಾಜು.

1,00,000 ಕ್ಲಿಕ್ ಆದ ಡಿ750 ಒಂದನ್ನು ಇಬ್ಬರು ಕೊಳ್ಳುತ್ತಾರೆ ಎಂದುಕೊಳ್ಳಿ. ಉಳಿದಿರುವುದು 50,000. ಹಬ್ಬ, ಮಕ್ಕಳು, ಜಾತ್ರೆ ಎಂದು ವರ್ಷಕ್ಕೆ 5,000 ತೆಗೆಯುವವರಿಗೆ ಅದು ಹತ್ತು ವರ್ಷ. ವರ್ಷಕ್ಕೆ 40 ಮದುವೆ, ಒಂದಕ್ಕೆ 2,000 ಫೋಟೋ ತೆಗೆಯುವವರಿಗೆ 80,000 ಬೇಕು, ಅಂದರೆ ಎಂಟು ತಿಂಗಳೂ ಬಾರದು. ಒಂದೇ ಕ್ಯಾಮೆರಾ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ನಿಕಾನ್‌ನಲ್ಲಿ ಈ ಸಂಖ್ಯೆ ಫೋಟೋ ಫೈಲಿನೊಳಗೇ ಇರುತ್ತದೆ. ಕ್ಯಾನನ್‌ನ ಹಲವು ಮಾದರಿಗಳಲ್ಲಿ ಕಂಪ್ಯೂಟರಿಗೆ ಜೋಡಿಸಿ ತಂತ್ರಾಂಶದಿಂದ ನೋಡಬೇಕು. ಮಾರುವವರು ಹೇಳುವ ಸಂಖ್ಯೆಯನ್ನು ಬಾಯಿಮಾತಿನಲ್ಲಿ ನಂಬಬೇಡಿ.

ಕೊಳ್ಳುವ ದಿನ ನೋಡಬೇಕಾದದ್ದು

ಈ ಲೇಖನ ಬರೆಯುತ್ತಿರುವವನು ಒಮ್ಮೆ ದೂರದ ಊರಿಗೆ ಹೋಗಿ, ರಾತ್ರಿ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ನಾಲ್ಕು ಫೋಟೋ ತೆಗೆದು ನೋಡಿ ಕ್ಯಾಮೆರಾ ತಂದ. ಮರುದಿನ ಆಕಾಶದ ಫೋಟೋ ತೆಗೆದಾಗ ಸೆನ್ಸರಿನ ಮೇಲೊಂದು ಗೀರು. ಒರೆಸಿದರೆ ಹೋಗುವಂಥದ್ದಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಐದು ನಿಮಿಷದ ಪರೀಕ್ಷೆ ಬಿಟ್ಟಿದ್ದಕ್ಕೆ ತೆತ್ತ ಬೆಲೆ ಅದು. ನೀವು ಹೀಗೆ ಮಾಡಿ:

1. ಎಫ್ 16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆ ಅಥವಾ ಆಕಾಶದ ಫೋಟೋ ತೆಗೆಯಿರಿ. ಮಸುಕು ಚುಕ್ಕೆ ಧೂಳು, ಸ್ವಚ್ಛ ಮಾಡಬಹುದು. ಗೆರೆ ಗೀರು ಕಂಡರೆ ಬೇಡ.
2. ಲೆನ್ಸ್ ಮುಚ್ಚಳ ಹಾಕಿ, ಐಎಸ್ಒ 1600ರಲ್ಲಿ ಕೆಲವು ಸೆಕೆಂಡಿನ ಫೋಟೋ ತೆಗೆಯಿರಿ. ಬಣ್ಣದ ಚುಕ್ಕೆಗಳು ತೀರ ಹೆಚ್ಚಾಗಿದ್ದರೆ ಯೋಚಿಸಿ.
3. 50 ಮಿ.ಮೀ. ಲೆನ್ಸಿನಲ್ಲಿ ಎಫ್ 1.8ಕ್ಕೆ ಇಟ್ಟು ಹತ್ತಿರದ ಅಕ್ಷರಕ್ಕೆ ಫೋಕಸ್ ಮಾಡಿ. ಆ ಅಕ್ಷರವೇ ಸ್ಪಷ್ಟವಾಗಿದೆಯೇ ಎಂದು ದೊಡ್ಡದು ಮಾಡಿ ನೋಡಿ.
4. ಅತಿ ವೇಗದ ಷಟರಿನಲ್ಲೂ, ಸಾಲಾಗಿ ಇಪ್ಪತ್ತು ಮೂವತ್ತು ಫೋಟೋಗಳನ್ನೂ ತೆಗೆಯಿರಿ. ಒಂದು ಬದಿ ಕಪ್ಪಾದರೆ ಷಟರ್ ದಣಿದಿದೆ.
5. ಸಿಎಫ್ ಸ್ಲಾಟ್ ಇದ್ದರೆ ಟಾರ್ಚ್ ಹಾಕಿ ಒಳಗಿನ ಪಿನ್ನುಗಳು ಬಾಗಿವೆಯೇ ನೋಡಿ. ಫ್ಲ್ಯಾಶ್ ಹಾಕಿ ಉರಿಸಿ ನೋಡಿ.
6. ಲೆನ್ಸಿನೊಳಗೆ ಟಾರ್ಚ್ ಬಿಡಿ. ಜೇಡರ ಬಲೆಯಂತೆ ಕಂಡರೆ ಫಂಗಸ್. ಕಾಸರಗೋಡು, ಮಂಗಳೂರಿನಂಥ ತೇವದ ಕರಾವಳಿಯಿಂದ ಬಂದ ಲೆನ್ಸುಗಳಲ್ಲಿ ಇದನ್ನು ಬಿಡದೆ ನೋಡಿ. ನಮ್ಮ ಕಡೆಯವುಗಳಲ್ಲಿ ಧೂಳಿನ ಭಯವೇ ಹೆಚ್ಚು. ಜೂಮ್ ತಿರುಗಿಸಿದಾಗ ಕರಕರ ಸದ್ದು ಬರುತ್ತದೆಯೇ ಕೇಳಿ.
7. ಬಿಲ್ಲು ಕೇಳಿ, ಅದರಲ್ಲಿರುವ ಸಂಖ್ಯೆ ಕ್ಯಾಮೆರಾದ ತಳದಲ್ಲಿರುವ ಸಂಖ್ಯೆಗೆ ಹೊಂದಬೇಕು. ಬಿಲ್ಲಿಲ್ಲದ ಮಾಲು ಕದ್ದದ್ದೂ ಆಗಿರಬಹುದು.
8. ನೋಡುವ ಮೊದಲು ಯುಪಿಐನಲ್ಲಿ ಮುಂಗಡ ಕಳಿಸಬೇಡಿ. "ಇನ್ನೊಬ್ಬರು ಕೇಳಿದ್ದಾರೆ" ಎಂದರೆ ಅವರಿಗೇ ಕೊಡಲಿ.

ಹಣ ಹಂಚುವ ಬಗೆ

ಕೈಯಲ್ಲಿ 50,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾಕ್ಕೆ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ. ಉಳಿದ ಅರ್ಧದಲ್ಲಿ ಎಫ್ 1.8 ಲೆನ್ಸ್, ಫ್ಲ್ಯಾಶ್, ಇನ್ನೊಂದು ಬ್ಯಾಟರಿ, ಎರಡು ಕಾರ್ಡ್ ಬರಬೇಕು. ಒಂದಷ್ಟು ರಿಪೇರಿಗೆಂದು ಉಳಿಯಬೇಕು. ತಯಾರಿಕೆ ನಿಂತ ಕೆಲವು ವರ್ಷಗಳ ನಂತರ ಬಿಡಿಭಾಗ ಸಿಗುವುದು ಕಷ್ಟವಾಗುತ್ತದೆ, ರಿಪೇರಿಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಸಿಎಫ್ ಕಾರ್ಡು ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ, ಎಸ್‌ಡಿ ಹಾಗಲ್ಲ. 5ಡಿ ಮಾರ್ಕ್ 2, ಮಾರ್ಕ್ 3, 6ಡಿಗಳ ಎಲ್‌ಪಿ-ಇ6 ಜಾತಿಯ ಬ್ಯಾಟರಿ, ಡಿ600, ಡಿ750ರ ಇಎನ್-ಇಎಲ್15 ಜಾತಿಯ ಬ್ಯಾಟರಿ ಹೊಸ ಕ್ಯಾಮೆರಾಗಳಲ್ಲೂ ಮುಂದುವರಿದಿರುವುದರಿಂದ ಸದ್ಯಕ್ಕೆ ಆ ಚಿಂತೆಯಿಲ್ಲ.

ಸಾಧ್ಯವಾದರೆ ಕೊಳ್ಳುವ ಮೊದಲು ಅದೇ ಮಾದರಿಯನ್ನು ಒಂದು ದಿನ ಬಾಡಿಗೆಗೆ ತಂದು ಒಂದು ಕಾರ್ಯಕ್ರಮ ಮುಗಿಸಿ ನೋಡಿ. ಭಾರ, ಸದ್ದು, ಫೋಕಸ್ ಎಲ್ಲ ಗೊತ್ತಾಗುತ್ತದೆ.

ತಂದ ಮೇಲೆ

ಹತ್ತಿ ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲುಗಳ ಸುತ್ತ ಅರಳೆಯ ಎಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಬಯಲಲ್ಲಿ ಲೆನ್ಸ್ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ಕ್ಯಾಮೆರಾದ ಬಾಯಿ ಕೆಳಗೆ ಮಾಡಿ. ಸೆನ್ಸರಿನ ಮೇಲೆ ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ರಬ್ಬರಿನ ಬ್ಲೋವರ್ ಬಳಸಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಕೊನೆಗೆ, ಕೊಳ್ಳಬೇಕೇ ಬೇಡವೇ?

ಹವ್ಯಾಸಕ್ಕೆ, ಮನೆಮಂದಿಯ ಫೋಟೋಕ್ಕೆ: ಕೊಳ್ಳಿ. ಕ್ಲಿಕ್ ಕಡಿಮೆ ಇರುವ 6ಡಿ ಅಥವಾ ಡಿ610, ಜೊತೆಗೊಂದು 50 ಮಿ.ಮೀ. ಲೆನ್ಸ್ ಸಾಕು.

ಫೋಟೋ ಮಾತ್ರ ತೆಗೆದು ದುಡಿಯುವವರಿಗೆ: ಎರಡು ಸ್ಲಾಟ್ ಇರುವ ಡಿ750 ಅಥವಾ 5ಡಿ ಮಾರ್ಕ್ 3 ಆದರೆ ಕೊಳ್ಳಿ, ಎರಡು ಕಾರ್ಡಿಗೂ ಒಟ್ಟಿಗೆ ಬರೆಯಿಸಿ. ತಾಳಿ ಕಟ್ಟುವ ಗಳಿಗೆ ಇನ್ನೊಮ್ಮೆ ಬರುವುದಿಲ್ಲ. ಒಂದೇ ಕಾರ್ಡು ಕೆಟ್ಟರೆ ಯಾವ ಕ್ಷಮೆಯೂ ಸಾಲದು. ಈಗಿನ ಕ್ಯಾಮೆರಾವನ್ನು ಮಾರದೆ ಜೊತೆಗಿಟ್ಟುಕೊಳ್ಳಿ.

ವಿಡಿಯೋ ಕೂಡ ಮಾಡುವವರಿಗೆ: ಹಳೆಯ ಡಿಎಸ್ಎಲ್ಆರ್ ಬೇಡ. ಎ7 ಮಾರ್ಕ್ 3ರವರೆಗೆ ಹಣ ಕೂಡುವ ತನಕ ತಾಳಿ.

ಸಾಲ ಮಾಡಿ ಮೊದಲ ಕ್ಯಾಮೆರಾ ಕೊಳ್ಳುವವರಿಗೆ: ಫುಲ್‌ಫ್ರೇಮ್ ಬೇಡ. ಚಿಕ್ಕ ಸೆನ್ಸರಿನ ಕ್ಯಾಮೆರಾ, ಎಫ್ 1.8 ಲೆನ್ಸ್ ಇಟ್ಟುಕೊಂಡು ಒಂದು ವರ್ಷ ದುಡಿಯಿರಿ. ಆ ದುಡಿಮೆಯಿಂದ ಮುಂದಿನದು ಬರಲಿ.

ಒಂದು ಮಾತು ಉಳಿಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆ ಕಾಲವನ್ನು ಕಂಡ ಹಿರಿಯರು ನಮ್ಮ ಮನೆಗಳಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಕನ್ನಡ ಶಾಲೆಯ ಹಳೆಯ ಗೋಡೆ, ಅಂಗಡಿಯ ಕನ್ನಡ ಬೋರ್ಡು, ಅಜ್ಜಿಯ ಮುಖ, ಇವು ಯಾವ ಮೆಗಾಪಿಕ್ಸೆಲ್ಲಿಗೂ ಕಾಯುವುದಿಲ್ಲ. ಹೊಸ ಕ್ಯಾಮೆರಾ ಬರುವ ತನಕ ಕೈಯಲ್ಲಿರುವ ಮೊಬೈಲಿನಲ್ಲೇ ತೆಗೆಯಿರಿ. ಊರು, ತಾರೀಖು, ಫೋಟೋದಲ್ಲಿರುವವರ ಹೆಸರು ಬರೆದಿಡಿ. ಐವತ್ತು ವರ್ಷದ ನಂತರ ನೋಡುವವರು ಸೆನ್ಸರ್ ಯಾವುದೆಂದು ಕೇಳುವುದಿಲ್ಲ, ಇವರು ಯಾರು ಎಂದು ಕೇಳುತ್ತಾರೆ.